ನೀಲಗಿರಿಯ ಬಡಗರೂ ನಮ್ಮ ಹೊಣೆಯೂ

ಚೆನ್ನೈಯ ಅಣ್ಣಾ ನಗರ್ ಬಡಾವಣೆಯಲ್ಲಿ, 1968ರ ವಾಣಿಜ್ಯ ಪ್ರದರ್ಶನದ ಸಲುವಾಗಿ ಎದ್ದು ನಿಂತು ನಮ್ಮ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಗೋಪುರವೊಂದುಂಟು. ಅದರ ಸುತ್ತಣ ಉದ್ಯಾನದಲ್ಲಿ ಸಂಜೆಯ ಹೊತ್ತು ಅಡ್ಡಾಡುವುದು ನನ್ನ ಬಹುಕಾಲದ ರೂಢಿ. ಈಚೆಗೊಂದು ಸಂಜೆ, ಬಿಳಿಯ ವಸ್ತ್ರವನ್ನುಟ್ಟು ತಲೆಗೂ ಬಿಳಿಯದನ್ನೇ ಕಟ್ಟಿದ್ದ ವೃದ್ಧೆಯೊಬ್ಬರು ಅಲ್ಲಿ ಮೊಮ್ಮಗನನ್ನು ಕರೆದು ಏನೋ ಹೇಳಿದರು. ಕನ್ನಡವೆಂದು ನನ್ನ ಕಿವಿ ನಿಮಿರಿತು. ಆದರೆ ಅದು ನಾನು ಬಲ್ಲ ಕನ್ನಡವಾಗಿರಲಿಲ್ಲ. ವಿಚಾರಿಸಲಾಗಿ, ಅವರು ನೀಲಗಿರಿಯ ಕೇತಿ ಕಣಿವೆಯ ಹಟ್ಟಿಯೊಂದರಿಂದ ಮಗನ ಮನೆಗೆ ಬಂದವರೆಂದೂ, ಆಡಿದ್ದು ಬಡಗರ ನುಡಿಯೆಂದೂ ತಿಳಿಯಿತು. ಮೊಮ್ಮಗ ಉತ್ತರ ಕೊಟ್ಟದ್ದು ಮಾತ್ರ ತಮಿಳಿನಲ್ಲಿ.

ಬಡಗಣ ದಿಕ್ಕಿನಿಂದ ಬಂದವರಾದುದರಿಂದ ಬಡಗರೆನಿಸಿಕೊಂಡ ಈ ಜನರು, 1565ರಲ್ಲಿ ವಿಜಯನಗರವು ಕುಸಿದ ಬಳಿಕ ಮೈಸೂರು ಸೀಮೆಯ ತೆಂಕಣ ಭಾಗದಿಂದ ಬೆಟ್ಟವನ್ನೇರಿದರೆಂಬುದು ಬಹುಮಂದಿ ವಿದ್ವಾಂಸರ ಮತ. 1603ರಲ್ಲಿ ಆ ಗಿರಿಗಳಿಗೆ ಹೋದ ಪಾದ್ರಿ ಫೆನಿಸಿಯೋ ಬಡಗರನ್ನು ಅಲ್ಲಿ ಕಂಡುದಾಗಿ ಬರೆದಿದ್ದಾನೆ. ಇದಕ್ಕೂ ಮಿಗಿಲಾದ ಸಾಕ್ಷ್ಯ ಅವರ ನಾಲಗೆಯ ಮೇಲೆಯೇ ಇದೆ: ಹಳಗನ್ನಡದ 'ಪಾಲ್' ನಡುಗನ್ನಡದಲ್ಲಿ 'ಹಾಲು' ಆದಂತೆ ಬಡಗರಿಗೂ ಅದು ಹಾಲೇ, ಪರ್ವವು ಹಬ್ಬವೇ, ಎಂದರೆ ಕನ್ನಡದ ಪಕಾರವು ಹಕಾರವಾಗಿ ಮಾರ್ಪಟ್ಟ ತರುವಾಯವೇ ಅವರು ನಮ್ಮಿಂದ ಅಗಲಿದರೆಂದು ಊಹಿಸಬಹುದು.

ಬೆಟ್ಟದ ಮೇಲೆ ಅವರು ಒಂಟಿಯಾಗಿ ಬಾಳಲಿಲ್ಲ. ತೋಡರು ತುಪ್ಪವನ್ನೂ, ಕೋತರು ಮಡಕೆ, ಕಬ್ಬಿಣದ ಸಾಮಾನು ಮತ್ತು ವಾದ್ಯಸೇವೆಯನ್ನೂ, ಕುರುಂಬರು ಕಾಡಿನ ಉತ್ಪನ್ನಗಳನ್ನೂ ನೀಡಲು, ಬಡಗರು ತಾವು ಬೆಳೆದ ಧಾನ್ಯವನ್ನು ಅವರೆಲ್ಲರಿಗೂ ಹಂಚುತ್ತಿದ್ದರು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನನು ಬೆಟ್ಟವನ್ನೇರಿದ ಮೇಲೆ ಆ ವಿನಿಮಯವು ಕ್ರಮೇಣ ಸಡಿಲಿತು. ಸಾಮೆ, ರಾಗಿಗಳ ಹೊಲಕ್ಕೆ ಆಲೂಗಡ್ಡೆ ಬಂತು, ಆಮೇಲೆ ಚಹಾ ಬಂತು. ಕೇತಿಯಲ್ಲಿ 1846ರಲ್ಲಿ ನೆಲೆಸಿದ ಬಾಸೆಲ್ ಮಿಷನ್ನಿನವರು ಬಡಗರ ನುಡಿಯನ್ನು ಬರೆಯಲು ಆರಿಸಿಕೊಂಡದ್ದು ಕನ್ನಡ ಲಿಪಿಯನ್ನು. ಬಡಗರಲ್ಲೊಬ್ಬರಾದ ಹುಬ್ಬತಲೆಯ ಆರಿ ಗೌಡರು ಬೆಳೆಗಾರರಿಗಾಗಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಅದೇ ಸಮುದಾಯದ ಅಕ್ಕಮ್ಮ ದೇವಿಯವರು 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆಯ್ಕೆಯಾದರು. ಆದುದರಿಂದ ಇದು ಅಸಹಾಯವಾದ ಸಮುದಾಯವೆಂದು ಯಾರೂ ಮರುಗಬೇಕಾದುದಿಲ್ಲ. ಅಪಾಯವಿರುವುದು ಅದರ ನುಡಿಗೆ.

ನೀಲಗಿರಿಯ ಪುಟ್ಟ ರೈಲಿಗೆ 2005ರಲ್ಲಿ ವಿಶ್ವ ಪರಂಪರೆಯ ಗೌರವ ಸಂದಿತು. ಹಳಿಯೂ ಎಂಜಿನ್ನೂ ಕಣ್ಣಿಗೆ ಕಾಣುವುವಾದುದರಿಂದ ಅವನ್ನು ಕಾಯುವವರುಂಟು. ಕಾಣದ ಸಂಪತ್ತಿನ ಗತಿಯೇ ಬೇರೆ. ನಾಲಗೆಯನ್ನು ಅರೆಯಾಗಿಯೂ ಪೂರ್ತಿಯಾಗಿಯೂ ಮಡಿಸಿ ಉಚ್ಚರಿಸುವ ಸ್ವರಗಳು ಬಡಗರಲ್ಲಿದ್ದುದನ್ನು ಎಮನೋ ಎಂಬ ಭಾಷಾಶಾಸ್ತ್ರಜ್ಞರು 1939ರಲ್ಲಿ ವಿವರಿಸಿದರು. ಲೋಕದ ಭಾಷೆಗಳಲ್ಲಿ ಅಪೂರ್ವವಾದ ಆ ಸ್ವರಗಳು ಇಂದು ಬಹುಪಾಲು ಬಡಗರ ಬಾಯಿಂದಲೇ ಮರೆಯಾಗಿವೆ. ಸತ್ತವರ ಪಾಪಗಳನ್ನು ಒಂದೊಂದಾಗಿ ಹೆಸರಿಸಿ ಕರುವಿನ ಮೇಲೆ ಹೊರಿಸುವ ಕರುಹರಿಕೆಯ ದೀರ್ಘ ವಚನಗಳನ್ನು ಕಂಠಸ್ಥವಾಗಿ ಬಲ್ಲವರೂ ವಿರಳರಾಗುತ್ತಿದ್ದಾರೆ.

ಇಲ್ಲಿ ಕನ್ನಡಿಗರು ಒಂದು ತಪ್ಪನ್ನು ಮಾಡಬಾರದು. ಜನಗಣತಿಯು ಬಡಗರ ಮಾತನ್ನು ಕನ್ನಡದ ಅಡಿಯಲ್ಲಿ ಎಣಿಸುತ್ತದೆಂದು ನಾವು ಹಿಗ್ಗುವುದೂ, ಅದು ಸ್ವತಂತ್ರ ಭಾಷೆಯೆಂದು ಬಡಗರು ವಾದಿಸಿದಾಗ ಮುನಿಯುವುದೂ ಸಮಾನವಾಗಿ ಅವಿವೇಕ. ನಾಲ್ಕು ಶತಮಾನಗಳ ಕಾಲ ಬೇರೆಯಾಗಿ ಮನೆ ಹೂಡಿದ ತಂಗಿ ತನ್ನ ಮನೆಗೆ ತಾನೇ ಯಜಮಾನಿ. ತವರಿನವರು ಪಾಲು ಕೇಳಲು ಹೋಗತಕ್ಕದ್ದಲ್ಲ, ಉಡುಗೊರೆ ಕೊಂಡೊಯ್ಯತಕ್ಕದ್ದು. ಆ ಉಡುಗೊರೆ ಏನೆಂಬುದೂ ಸ್ಪಷ್ಟ. ವಿದ್ವಾಂಸರಾದ ಹಾಕಿಂಗ್ಸ್ ಮತ್ತು ಪಿಲೋ-ರೈಷೂರ್ ಅವರು 1992ರಲ್ಲಿ ಬಡಗ ನುಡಿಗೆ ಇಂಗ್ಲಿಷ್ ಅರ್ಥಗಳುಳ್ಳ ನಿಘಂಟನ್ನು ಕೊಟ್ಟರು. ದೂರದೇಶದವರು ಪಟ್ಟ ಆ ಶ್ರಮವನ್ನು ಕೂಗಳತೆಯಲ್ಲಿರುವ ನಾವೂ ಪಡಬೇಡವೇ? ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ಕರ್ನಾಟಕದ ವಿಶ್ವವಿದ್ಯಾನಿಲಯಗಳೂ ಬಡಗ ಯುವಕ ಯುವತಿಯರಿಗೆ ವಿದ್ಯಾರ್ಥಿವೇತನವನ್ನಿತ್ತು, ಹಟ್ಟಿಹಟ್ಟಿಯ ಹಿರಿಯರ ಧ್ವನಿಯನ್ನು ಅವರಿಂದಲೇ ಮುದ್ರಣ ಮಾಡಿಸಲಿ. ಲಿಪಿ ಯಾವುದೆಂಬುದನ್ನು ಅವರೇ ನಿರ್ಧರಿಸಲಿ. ಸಂಗ್ರಹದ ಒಡೆತನವೂ ಅವರದೇ ಆಗಿರಲಿ. ಆ ಅಜ್ಜಿಯ ತಲೆಮಾರು ಇರುವಾಗಲೇ ಈ ಕೆಲಸ ಮೊದಲಾಗಬೇಕು.