ದೋಷ ಚರ್ಮದ್ದೋ, ಕೊಂಡವರದೋ?

ಚರ್ಮದ ನಡುಪಟ್ಟಿಯನ್ನು ಬಸದಿಯ ಹೊರಗೇ ಬಿಚ್ಚಿಡುವ ಶ್ರಾವಕರ ನಡುಮನೆಗೆ ಚರ್ಮದ ಸೋಫಾ ರಾಜಮರ್ಯಾದೆಯಿಂದ ಪ್ರವೇಶಿಸುತ್ತಿದೆ. ವಾರ ಕಳೆಯುವುದರೊಳಗೆ ಆಕ್ಷೇಪಗಳೂ ಏಳುತ್ತವೆ: ಇಲ್ಲೊಂದು ಗೀರು, ಅಲ್ಲೊಂದು ಚುಕ್ಕೆ, ದಿಂಬಿನ ಮೇಲೆ ಸುಕ್ಕು. 'ಇವು ದೋಷಗಳಲ್ಲ, ಸಹಜ ಗುರುತುಗಳು' ಎಂಬುದು ಅಂಗಡಿಯವರ ಸಿದ್ಧ ಉತ್ತರ.

ಆ ಉತ್ತರ ಬಹುಪಾಲು ನಿಜವೇ. ಗೀರು, ಮುಳ್ಳುತಂತಿ ತಗುಲಿ ಮಾಗಿದ ಗಾಯ, ಚುಕ್ಕೆ, ಉಣ್ಣಿ ಕಚ್ಚಿದ ಜಾಗ, ಸುಕ್ಕು ಕೊರಳಿನದು, ಕವಲೊಡೆದ ಗೆರೆಗಳು ರಕ್ತನಾಳಗಳ ಅಚ್ಚು. ಇವು ಕಾಣಬಾರದೆಂದೇ ಕಾರ್ಖಾನೆಗಳಲ್ಲಿ ತೊಗಲಿನ ಮೇಲ್ಮೈಯನ್ನು ಉಜ್ಜಿ, ಬಣ್ಣ ಬಳಿದು, ಯಂತ್ರದಿಂದ ಕೃತಕ ವಿನ್ಯಾಸವನ್ನು ಒತ್ತುವುದುಂಟು. ಕಲೆಯಿಲ್ಲದ ಚರ್ಮವೆಂದರೆ ಬಹುಮಟ್ಟಿಗೆ ಸಾಕ್ಷ್ಯ ಅಳಿಸಿದ ಚರ್ಮ.

'ದನವನ್ನು ಕಡಿದದ್ದು ಮಾಂಸಕ್ಕಾಗಿ, ತೊಗಲಿಗಾಗಿ ಅಲ್ಲ' ಎಂಬ ಸಮರ್ಥನೆ ಕೇಳಿಬರುತ್ತದೆ. ತೊಗಲಿನ ಬೆಲೆಯೂ ಕಸಾಯಿಖಾನೆಯ ಆದಾಯವೇ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಆಸ್ರವದ ವಿಚಾರದಲ್ಲಿ ಕೃತದೊಡನೆ ಕಾರಿತ, ಅನುಮತಗಳನ್ನೂ ಎಣಿಸಿದೆ. ಹಣ ತೆತ್ತವರು ಈ ಮೂರರ ಹೊರಗೆ ನಿಲ್ಲುವುದು ಹೇಗೆ? ಬಸದಿಗಳ ಆಡಳಿತ ಮಂಡಳಿಗಳೂ ತಮ್ಮ ಕಚೇರಿಯ ಕುರ್ಚಿಗಳನ್ನೊಮ್ಮೆ ನೋಡಿಕೊಳ್ಳುವುದು ಒಳಿತು. ಮುನಿಗಳ ಆಹಾರದಾನದ ಪಟ್ಟಿ ಚರ್ಮಾಸನದ ಮೇಲೆ ಸಿದ್ಧವಾಗುವುದೆಂದರೆ!

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲಿ ಶುದ್ಧತೆಯ ಕೊರತೆಯೂ ದೋಷವೇ. ಆ ಕಾಯಿದೆ ಹಿಡಿದು ವಾದಿಸುವ ಶ್ರಾವಕರು ಇನ್ನೊಂದು ಚರ್ಮದ ಸೋಫಾವನ್ನೇ ಬದಲಿಗೆ ಬೇಡುವುದು ವಿಚಿತ್ರ. ಅಂಗಡಿಯವರು ಬದಲಿ ಕೊಡಲೊಪ್ಪಿದರೆ ಬೆತ್ತದ್ದನ್ನೋ ಹತ್ತಿಬಟ್ಟೆಯದನ್ನೋ ಕೇಳಬಹುದು. 'ಬಾಂಡೆಡ್ ಲೆದರ್' ಎಂಬ ಅಗ್ಗದ ಸರಕು ಮಾತ್ರ ಬೇಡ. ಅದು ಚರ್ಮದ ಚೂರುಗಳನ್ನೇ ಅರೆದು ಅಂಟಿಸಿದ್ದು.