ಕಾಣೆಯಾದ ವಿದ್ಯಾರ್ಥಿಯೂ ಸಮಾಜದ ಸಾಕ್ಷಿಧರ್ಮವೂ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯೆಂದರೆ ಸಾಮಾನ್ಯವಾಗಿ ಸಂತೋಷದ ಲೆಕ್ಕಪತ್ರ. ಎಷ್ಟು ಮಂದಿ ತೇರ್ಗಡೆ ಹೊಂದಿದರು, ಯಾರು ಯಾವ ಪದವಿಗೇರಿದರು, ಯಾವ ದಾನಿಗಳ ಔದಾರ್ಯದಿಂದ ಯಾವ ಕೊಠಡಿ ಎದ್ದು ನಿಂತಿತು ಎಂಬ ವಿವರಗಳಿಂದ ಅದು ತುಂಬಿರುತ್ತದೆ. ತುಂಬಿರಬೇಕಾದುದು ನ್ಯಾಯವೂ ಹೌದು. ಆದರೆ ಹಾಜರಿ ಪುಸ್ತಕದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗುವ ಹೆಸರಿಗೂ ಇಂತಹ ಸಂಚಿಕೆಯಲ್ಲಿ ಒಂದಿಷ್ಟು ಸ್ಥಳವಿರಬೇಕೆಂದು ನನ್ನ ಅಭಿಪ್ರಾಯ. ಮನೆಯಿಂದ ಓದಲೆಂದು ಬಂದ ಮಗು ಕಾಣೆಯಾದಾಗ ಸಮಾಜವು ಹೇಗೆ ನಡೆದುಕೊಳ್ಳುತ್ತದೆ, ಹೇಗೆ ನಡೆದುಕೊಳ್ಳಬೇಕು, ಅದರಲ್ಲಿ ಗುರುಗಳ ಹಾಗೂ ಸಂಸ್ಥೆಯ ಪಾಲೇನು ಎಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇನೆ.

ವ್ಯಾಕರಣಶಾಸ್ತ್ರದಲ್ಲಿ ಲೋಪವೆಂದರೆ ನಾಶವಲ್ಲ. ಇರಬೇಕಾದ ಸ್ಥಳದಲ್ಲಿ ವರ್ಣವೋ ಪ್ರತ್ಯಯವೋ ಕಾಣದಿರುವುದಕ್ಕೆ ಮಾತ್ರ ಆ ಹೆಸರು. ಪ್ರತ್ಯಯವು ಲೋಪಗೊಂಡ ಮೇಲೆಯೂ ಅದರ ನಿಮಿತ್ತವಾಗಿ ಆಗಬೇಕಾದ ಕಾರ್ಯ ಆಗಿಯೇ ತೀರಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಕಣ್ಣಿಗೆ ಕಾಣದುದಕ್ಕೂ ತನ್ನ ಹಕ್ಕು ಉಂಟೆಂದಾಯಿತು. ಶಾಸ್ತ್ರವು ಒಂದು ಪ್ರತ್ಯಯಕ್ಕೆ ತೋರುವ ಈ ನ್ಯಾಯವನ್ನು ಲೋಕವು ಒಬ್ಬ ಮನುಷ್ಯನಿಗೆ ತೋರುತ್ತದೆಯೆ? ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕಾಗಿದೆ.

ವಿದ್ಯಾರ್ಥಿಯೊಬ್ಬನು ಕಾಣೆಯಾದನೆಂಬ ಸುದ್ದಿ ಹಬ್ಬಿದೊಡನೆ ಜನರ ಬಾಯಿಂದ ಹೊರಡುವ ಮೊದಲ ಪ್ರಶ್ನೆ ‘ಎಲ್ಲಿದ್ದಾನೆ?’ ಎಂದಲ್ಲ, ‘ಏನು ಮಾಡಿದ್ದ?’ ಎಂದು. ಪರೀಕ್ಷೆಯಲ್ಲಿ ನಪಾಸಾಗಿದ್ದನಂತೆ, ಸಹವಾಸ ಸರಿಯಿರಲಿಲ್ಲವಂತೆ, ಯಾವುದೋ ಸಂಘದಲ್ಲಿ ಓಡಾಡುತ್ತಿದ್ದನಂತೆ. ಕಾಣೆಯಾದವಳು ಹೆಣ್ಣುಮಗಳಾದರಂತೂ ಪ್ರಶ್ನೆಯೂ ಇಲ್ಲ, ಉತ್ತರವೇ ಸಿದ್ಧವಾಗಿರುತ್ತದೆ: ‘ಓಡಿಹೋಗಿರಬೇಕು.’ ಈ ‘ಅಂತೆ’ ಮತ್ತು ‘ಇರಬೇಕು’ಗಳ ನಡುವೆ ಹುಡುಕಬೇಕಾದ ಅಮೂಲ್ಯವಾದ ಗಳಿಗೆಗಳು ಸರಿದುಹೋಗುತ್ತವೆ. ಕಾಣೆಯಾದವರ ಶೀಲವನ್ನು ತೂಗಿ ನೋಡಿದ ಮೇಲೆ ಹುಡುಕುವುದೋ ಬಿಡುವುದೋ ಎಂದು ನಿರ್ಣಯಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಮಗುವು ಸುಶೀಲನಾಗಿದ್ದರೂ ದುಶ್ಶೀಲನಾಗಿದ್ದರೂ ತಾಯಿಯ ಕರುಳಿಗೆ ಒಂದೇ. ನ್ಯಾಯದ ಕಣ್ಣಿಗೂ ಒಂದೇ ಆಗಿರಬೇಕು.

ಈ ಮಾತಿಗೆ ನಿದರ್ಶನವಾಗಿ ನೆರೆಯ ಕೇರಳದಲ್ಲಿ ನಡೆದ ಒಂದು ಪ್ರಸಂಗವನ್ನು ಸ್ಮರಿಸಬೇಕು. ತುರ್ತು ಪರಿಸ್ಥಿತಿಯ ಕಾಲ. 1976ರ ಫೆಬ್ರುವರಿ 28ರಂದು ಕಲ್ಲಿಕೋಟೆ ಜಿಲ್ಲೆಯ ಕಾಯಣ್ಣ ಪೊಲೀಸ್ ಠಾಣೆಯ ಮೇಲೆ ನಕ್ಸಲೀಯರ ದಾಳಿ ನಡೆಯಿತು. ಮಾರ್ಚ್ 1ರ ಬೆಳಿಗ್ಗೆ ಚಾತ್ತಮಂಗಲದ ರೀಜನಲ್ ಇಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿ ಪಿ. ರಾಜನ್, ಫರೂಕ್ ಕಾಲೇಜಿನಲ್ಲಿ ನಡೆದ ಕಲೋತ್ಸವವನ್ನು ಮುಗಿಸಿಕೊಂಡು ವಿದ್ಯಾರ್ಥಿನಿಲಯಕ್ಕೆ ಹಿಂದಿರುಗುತ್ತಿದ್ದಂತೆಯೇ ಪೊಲೀಸರು ಅವನನ್ನು ಹಿಡಿದು ಕಕ್ಕಯಂ ಎಂಬಲ್ಲಿದ್ದ ಶಿಬಿರಕ್ಕೆ ಒಯ್ದರು. ಅವನು ಮತ್ತೆ ಮನೆಗೆ ಬರಲಿಲ್ಲ.

ಅವನ ತಂದೆ ಟಿ. ವಿ. ಈಚರ ವಾರಿಯರ್ ಅವರು ಕಲ್ಲಿಕೋಟೆಯ ಸರ್ಕಾರಿ ಕಾಲೇಜಿನಲ್ಲಿ ಹಿಂದಿ ಪ್ರಾಧ್ಯಾಪಕರಾಗಿದ್ದವರು. ಭಾಷೆಯನ್ನು ಕಲಿಸಿ ಬಾಳಿದವರು. ಅವರು ಅಧಿಕಾರಿಗಳ ಬಾಗಿಲು ತಟ್ಟಿದರು, ಗೃಹಮಂತ್ರಿಗಳಾಗಿದ್ದ ಕೆ. ಕರುಣಾಕರನ್ ಅವರನ್ನು ಕಂಡರು, ದೆಹಲಿಯವರೆಗೆ ಅರ್ಜಿಗಳನ್ನು ಕಳುಹಿಸಿದರು. ‘ನಮ್ಮಲ್ಲಿ ಇದ್ದಾನೆ’ ಎಂದಾಗಲಿ ‘ಇಲ್ಲ’ ಎಂದಾಗಲಿ ನೆಟ್ಟನೆಯ ಉತ್ತರ ಎಲ್ಲಿಯೂ ದೊರೆಯಲಿಲ್ಲ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಆ ಬಾಗಿಲೂ ಮುಚ್ಚಿತ್ತು. ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ ಬಂಧಿತನ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲದೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತವನ್ನು ಬರೆದವರು ಎಚ್. ಆರ್. ಖನ್ನಾ ಒಬ್ಬರೇ.

ಸಾರ್ವಜನಿಕರ ಪ್ರತಿಕ್ರಿಯೆ ಹೇಗಿತ್ತು? ಮೊದಲ ಒಂದು ವರ್ಷ ಪ್ರತಿಕ್ರಿಯೆಯೇ ಇರಲಿಲ್ಲ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ತಿಳಿದವರ ಬಾಯಿಗೆ ಭಯ ಬೀಗ ಹಾಕಿತ್ತು. 1977ರ ಮಾರ್ಚಿಯಲ್ಲಿ ಚುನಾವಣೆ ನಡೆದು ಉತ್ತರ ಭಾರತದಲ್ಲಿ ತುರ್ತು ಪರಿಸ್ಥಿತಿಯ ಸರ್ಕಾರ ಬೇರುಸಹಿತ ಕಿತ್ತುಬಿದ್ದಾಗಲೂ ಕೇರಳದಲ್ಲಿ ಆಳುತ್ತಿದ್ದ ಕೂಟವೇ ವಿಧಾನಸಭೆಯ 140 ಸ್ಥಾನಗಳಲ್ಲಿ 111ನ್ನು, ಲೋಕಸಭೆಯ 20ಕ್ಕೆ 20ನ್ನೂ ಗೆದ್ದುಕೊಂಡಿತು. ಆ ಜನರು ನಿರ್ದಯರೆಂದು ಇದರ ಅರ್ಥವಲ್ಲ. ತಿಳಿಯದ ದುಃಖಕ್ಕೆ ಯಾರು ತಾನೆ ಮರುಗಬಲ್ಲರು? ಸುದ್ದಿಯನ್ನು ಮರೆಮಾಡಿದರೆ ಪ್ರಜೆಯ ಕರುಣೆಯನ್ನೇ ಅಪಹರಿಸಿದಂತಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ತುರ್ತು ಪರಿಸ್ಥಿತಿ ತೆರವಾದ ಕೂಡಲೇ ಈಚರ ವಾರಿಯರ್ ಅವರು ಕೇರಳ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ರಾಜನ್‌ನನ್ನು ತಾವು ಬಂಧಿಸಿಯೇ ಇಲ್ಲವೆಂದು ಸರ್ಕಾರದ ಪಕ್ಷದವರು ಪ್ರಮಾಣಪತ್ರ ಸಲ್ಲಿಸಿದರು. ಆಗ ಕಾಲೇಜಿನವರು ಮುಂದೆ ಬಂದು ನುಡಿದರು. ಕಂಡ ವಿದ್ಯಾರ್ಥಿಗಳು ಕಂಡುದನ್ನು ಹೇಳಿದರು. ಶಿಬಿರದಲ್ಲಿ ಜೊತೆಗಿದ್ದವರು ಅಲ್ಲಿ ನಡೆದುದನ್ನು ಹೇಳಿದರು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ವಿದ್ಯಾರ್ಥಿಯನ್ನು ಪೊಲೀಸರು ಒಯ್ದರೆಂದು ಪ್ರಾಂಶುಪಾಲ ಬಹಾವುದ್ದೀನ್ ಅವರು ರಿಜಿಸ್ಟರ್ಡ್ ಅಂಚೆಯಲ್ಲಿ ತಂದೆಗೆ ಬರೆದಿದ್ದ ಪತ್ರವಿತ್ತು. 1977ರ ಏಪ್ರಿಲ್ 13ರಂದು ನ್ಯಾಯಮೂರ್ತಿಗಳಾದ ಸುಬ್ರಹ್ಮಣ್ಯನ್ ಪೋಟಿ ಮತ್ತು ಖಾಲಿದ್ ಅವರು, ರಾಜನ್ ಪೊಲೀಸರ ವಶದಲ್ಲಿದ್ದುದು ಸತ್ಯವೆಂದು ತೀರ್ಮಾನಿಸಿ ಅವನನ್ನು ಹಾಜರುಪಡಿಸಬೇಕೆಂದು ಆಜ್ಞಾಪಿಸಿದರು. ಹಾಜರುಪಡಿಸಲು ಅವನು ಬದುಕಿರಲಿಲ್ಲ. ಅವನು ವಶದಲ್ಲಿದ್ದಾಗಲೇ ಮೃತನಾದನೆಂದು ಸರ್ಕಾರವು ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ಅವರು ಪದವಿಗೇರಿ ಒಂದೇ ತಿಂಗಳಿನಲ್ಲಿ, ಏಪ್ರಿಲ್ 25ರಂದು ರಾಜೀನಾಮೆ ಕೊಟ್ಟರು.

ಈಗ ನಾಡೆಲ್ಲ ಗರ್ಜಿಸಿತು. ಪತ್ರಿಕೆಗಳು ಬರೆದವು, ಸಭೆಗಳು ಸೇರಿದವು, ಮೆರವಣಿಗೆಗಳು ಹೊರಟವು. ಆದರೆ ಗರ್ಜನೆಯ ಆಯುಷ್ಯ ಅಲ್ಪ. ಕೆಲವೇ ವರ್ಷಗಳಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಗಳಾದರು, ಮತ್ತೊಮ್ಮೆಯೂ ಆದರು. ರಾಜನ್‌ನ ಕೊಲೆಗೆಂದು ಯಾರಿಗೂ ಶಿಕ್ಷೆಯಾಗಲಿಲ್ಲ; ಅವನ ದೇಹವೂ ದೊರೆಯಲಿಲ್ಲ. ಮಗನು ಎಂದಾದರೂ ಹಸಿದು ಬಂದಾನೆಂದು ಅವನಿಗಾಗಿ ಒಂದು ಬಾಳೆಯೆಲೆಯನ್ನೂ ಒಂದಿಷ್ಟು ಅನ್ನವನ್ನೂ ತೆಗೆದಿರಿಸಲು ಹೆಂಡತಿಗೆ ಹೇಳುತ್ತಿದ್ದುದನ್ನು ಈಚರ ವಾರಿಯರ್ ಅವರು ತಮ್ಮ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾರೆ. ದಾಸೋಹದ ಅರ್ಥವನ್ನು ಬಲ್ಲ ನಮಗೆ ಆ ಎಲೆಯ ಭಾರವೆಷ್ಟೆಂದು ವಿವರಿಸಬೇಕಾಗಿಲ್ಲ. 2006ರ ಏಪ್ರಿಲ್ 13ರಂದು ಅವರು ತೀರಿಕೊಂಡರು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ತೀರ್ಪು ಹೊರಬಿದ್ದುದೂ ಅದೇ ದಿನಾಂಕದಂದು.

ಅದು ತುರ್ತು ಪರಿಸ್ಥಿತಿಯ ಕತ್ತಲು, ಇಂದು ಹಾಗಿಲ್ಲವೆಂದು ಯಾರಾದರೂ ಹೇಳಬಹುದು. ಒಂದು ಅರ್ಥದಲ್ಲಿ ನಿಜ. 1976ರ ಆ ತೀರ್ಪನ್ನು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಆದರೆ ಬಾಯಿಗೆ ಬೀಗವಿಲ್ಲದ ಕಾಲದಲ್ಲಿಯೂ ಸತ್ಯ ತಾನಾಗಿ ಹೊರಬರುವುದಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಜೀಬ್ ಅಹ್ಮದ್ 2016ರ ಅಕ್ಟೋಬರ್ 15ರಂದು ವಿದ್ಯಾರ್ಥಿನಿಲಯದಿಂದ ಕಾಣೆಯಾದನು. ಇಲ್ಲಿ ಮೌನವಿರಲಿಲ್ಲ, ಗದ್ದಲವಿತ್ತು. ಒಂದು ಗುಂಪಿಗೆ ಅವನು ಧ್ವಜವಾದನು, ಇನ್ನೊಂದು ಗುಂಪಿಗೆ ಸಂಶಯದ ವಸ್ತುವಾದನು. ಅವನು ಉಗ್ರರ ಸಂಘಟನೆಯೊಂದರ ಬಗೆಗೆ ಗಣಕಯಂತ್ರದಲ್ಲಿ ಹುಡುಕುತ್ತಿದ್ದನೆಂದು ವರದಿಯೂ ಪ್ರಕಟವಾಯಿತು. ಅದನ್ನು ದೆಹಲಿಯ ಪೊಲೀಸರೇ ಅಲ್ಲಗಳೆದರು. ಕೇಂದ್ರೀಯ ತನಿಖಾ ದಳವು ಶೋಧಿಸಿ 2018ರಲ್ಲಿ ಕಡತವನ್ನು ಮುಚ್ಚಲು ಕೋರಿತು. 2025ರ ಜೂನ್ 30ರಂದು ನ್ಯಾಯಾಲಯ ಅದನ್ನು ಒಪ್ಪಿತು. ತಾಯಿಗೆ ಮಗ ಎಲ್ಲಿಯೆಂಬುದು ತಿಳಿಯಲಿಲ್ಲ. ಮೌನವು ಮುಚ್ಚಿಡುವುದನ್ನೇ ಗದ್ದಲವೂ ಮುಚ್ಚಿಡಬಲ್ಲುದು. ಬಂದವರ ಕುಲಗೋತ್ರವನ್ನು ಕೇಳದೆ ನಮ್ಮವರೆಂದು ಎಣಿಸಬೇಕೆಂದು ಕಲಿಸಿದ ಶರಣರ ಪರಂಪರೆಯವರಾದ ನಾವು, ಬಾರದೆ ಹೋದವರ ವಿಷಯದಲ್ಲಿಯೂ ಅದೇ ನಿಯಮವನ್ನು ಪಾಲಿಸಬೇಡವೆ?

ಈ ಎರಡು ಪ್ರಸಂಗಗಳಿಂದ ನಾವು ಗ್ರಹಿಸಬೇಕಾದ ತತ್ತ್ವ ಒಂದೇ. ಕಾಣೆಯಾದವನಿಗೆ ನೆರವಾಗುವುದು ಜನರ ಉದ್ವೇಗಕ್ಕಿಂತ ಹೆಚ್ಚಾಗಿ ಸಮೀಪದವರ ಸಾಕ್ಷ್ಯ. ರಾಜನ್‌ನ ವಿಷಯದಲ್ಲಿ ಸತ್ಯವು ಹೊರಬಿದ್ದುದು ಮೆರವಣಿಗೆಯಿಂದಲ್ಲ. ಕಾಲೇಜಿನವರ ನುಡಿಯಿಂದ, ಒಂದು ಕಾಗದದಿಂದ. ಆ ಕಾಗದವನ್ನು ಬರೆದಾಗ ಪ್ರಾಂಶುಪಾಲರಿಗೆ ರಕ್ಷಣೆಯಾಗಿ ಯಾವ ಕಾನೂನೂ ಇರಲಿಲ್ಲ, ಯಾವ ಜನಾಭಿಪ್ರಾಯವೂ ಇರಲಿಲ್ಲ. ಅವರಿಗೆ ಇದ್ದುದು ಅಧ್ಯಾಪಕಧರ್ಮವೊಂದೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಇಂತಹ ಸಂಗತಿಗಳನ್ನು ಬಯಲಿಗೆ ತಂದರೆ ಸಂಸ್ಥೆಯ ಹೆಸರಿಗೆ ಕಳಂಕ ತಟ್ಟುತ್ತದೆ, ಪೋಷಕರು ಹಿಂಜರಿಯುತ್ತಾರೆ, ದಾನಿಗಳು ಬೇಸರಗೊಳ್ಳುತ್ತಾರೆ. ಆದುದರಿಂದ ಒಳಗೊಳಗೇ ವಿಚಾರಿಸಿಕೊಳ್ಳುವುದು ಲೇಸು ಎಂದು ಹಿತೈಷಿಗಳು ಹೇಳುವುದುಂಟು. ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಠಗಳ ಉಚಿತ ಪ್ರಸಾದನಿಲಯಗಳು ಕಳೆದ ಒಂದು ಶತಮಾನದಲ್ಲಿ ಹಳ್ಳಿಗಾಡಿನ ಲಕ್ಷಾಂತರ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟುದು ಜನರ ನಂಬಿಕೆಯ ಬಲದಿಂದಲೇ. ಆದರೆ ಆ ನಂಬಿಕೆಯ ಸ್ವರೂಪವೇನು? ಹೊಲಗೆಲಸದ ತಂದೆಯೊಬ್ಬನು ಮಗನ ಟ್ರಂಕನ್ನು ನಿಲಯದ ಬಾಗಿಲಲ್ಲಿ ಇಳಿಸಿ ಹೋಗುವಾಗ ಕಟ್ಟಡದ ಎತ್ತರವನ್ನು ನಂಬಿ ಹೋಗುವುದಿಲ್ಲ. ರಾತ್ರಿ ಪ್ರಸಾದದ ಪಂಕ್ತಿಯಲ್ಲಿ ತನ್ನ ಮಗನ ತಟ್ಟೆಯೊಂದು ಬರಿದಾಗಿದ್ದರೆ ಅದನ್ನು ಗಮನಿಸುವ ಕಣ್ಣೊಂದು ಅಲ್ಲಿದೆಯೆಂದು ನಂಬಿ ಹೋಗುತ್ತಾನೆ. ಆ ನಂಬಿಕೆಯನ್ನು ಉಳಿಸದೆ ಸಂಸ್ಥೆಯ ಹೆಸರನ್ನು ಮಾತ್ರ ಉಳಿಸಿಕೊಂಡರೆ, ಬೇರು ಒಣಗಿದ ಮರದ ಎಲೆಗಳಿಗೆ ನೀರು ಚಿಮುಕಿಸಿದಂತೆಯೇ ಸರಿ. ಚಾತ್ತಮಂಗಲದ ಕಾಲೇಜಿನ ಹೆಸರು ಆ ಪತ್ರದಿಂದ ಕೆಡಲಿಲ್ಲ. ಆ ಕರಾಳ ವೃತ್ತಾಂತದಲ್ಲಿ ತಲೆಯೆತ್ತಿ ನಿಂತುದು ಅದೊಂದೇ.

ಆಚರಣೆಯಲ್ಲಿ ನಾವು ಮಾಡಬೇಕಾದುದು ಕಷ್ಟಸಾಧ್ಯವೇನಲ್ಲ. ಹಾಜರಿ ಕರೆಯುವುದನ್ನು ಯಾಂತ್ರಿಕ ಕ್ರಿಯೆಯೆಂದು ಭಾವಿಸಬಾರದು. ಅದು ನಿತ್ಯದ ಸಾಕ್ಷಿ. ನಿಲಯದ ವಿದ್ಯಾರ್ಥಿಯು ಹೇಳದೆ ಕೇಳದೆ ಕಾಣದಾದರೆ ಅದೇ ದಿನ ಮನೆಯವರಿಗೆ ಸುದ್ದಿ ಮುಟ್ಟಬೇಕು, ಬಾಯಿಮಾತಿನಲ್ಲಿ ಮಾತ್ರವಲ್ಲ, ಬರಹದಲ್ಲಿ. ಪೊಲೀಸರಿಗೆ ದೂರು ಕೊಡಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಮಾತು ಬಹಳ ಬಳಕೆಯಲ್ಲಿದೆ; ಹಾಗೆಂದು ಯಾವ ಕಾನೂನೂ ಹೇಳಿಲ್ಲ. ಹದಿನೆಂಟು ತುಂಬದ ಮಗು ಕಾಣೆಯಾದ ದೂರು ಬಂದರೆ ಅಪಹರಣವೆಂದೇ ಭಾವಿಸಿ ಪ್ರಕರಣ ದಾಖಲಿಸಬೇಕೆಂದು 2013ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ. ಪಿ.ಯು.ಸಿ. ಓದುವ ನಮ್ಮ ಮಕ್ಕಳಲ್ಲಿ ಬಹುಪಾಲು ಈ ವಯಸ್ಸಿನವರೇ ಎಂಬುದನ್ನು ಅಧ್ಯಾಪಕರು ಮರೆಯಲಾಗದು. ಕಂಡುದನ್ನು ಕಂಡಂತೆ ಹೇಳಲು ವಿದ್ಯಾರ್ಥಿಗಳಿಗೆ ಧೈರ್ಯ ತುಂಬಬೇಕು; ಕಾಣದುದನ್ನು ಹೇಳದಿರಲು ಶಿಸ್ತನ್ನೂ ಕಲಿಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಅಧಿಕಾರಿಗಳಿದ್ದಾರೆ, ಪತ್ರಕರ್ತರಿದ್ದಾರೆ. ಅರ್ಜಿ ಬರೆಯಲು ಅರಿಯದ ತಂದೆತಾಯಿಗಳ ಬೆನ್ನಿಗೆ ಅವರು ನಿಂತರೆ ಅದೇ ಕಾಯಕ, ಅದೇ ದಾಸೋಹ. ದಾನಿಗಳಲ್ಲಿ ನನ್ನ ವಿನಂತಿ ಇಷ್ಟೆ: ಕಷ್ಟದ ಗಳಿಗೆಯಲ್ಲಿ ಸತ್ಯವನ್ನು ನುಡಿದ ಸಂಸ್ಥೆಯಿಂದ ತಾವು ಕೈ ಹಿಂತೆಗೆದುಕೊಳ್ಳಬಾರದು. ಆ ಭರವಸೆಯೊಂದಿದ್ದರೆ ಮುಖ್ಯೋಪಾಧ್ಯಾಯರ ಲೇಖನಿ ನಡುಗುವುದಿಲ್ಲ.

ಏಳು ವರ್ಷಗಳವರೆಗೆ ಸುಳಿವು ದೊರೆಯದವನನ್ನು ಮೃತನೆಂದು ಭಾವಿಸಲು ಕಾನೂನು ಅನುಮತಿಸುತ್ತದೆ. ಆಸ್ತಿಪಾಸ್ತಿಯ ವ್ಯವಹಾರಕ್ಕೆ ಅದು ಅವಶ್ಯಕವಿರಬಹುದು. ಗುರುವಿಗೆ ಆ ಅವಧಿಯಿಲ್ಲ. ಲೋಪವೆಂಬ ಶಬ್ದಕ್ಕೆ ಲೋಕವ್ಯವಹಾರದಲ್ಲಿ ತಪ್ಪು, ಕೊರತೆ ಎಂಬ ಅರ್ಥವೂ ಉಂಟು. ಒಬ್ಬ ವಿದ್ಯಾರ್ಥಿ ಕಾಣದಾದುದು ಮೊದಲನೆಯ ಅರ್ಥದ ಲೋಪ. ಅವನನ್ನು ಕೇಳುವವರೇ ಇಲ್ಲದೆ ಹೋದರೆ ಅದು ಎರಡನೆಯ ಅರ್ಥದ ಲೋಪ. ಮೊದಲನೆಯದು ನಮ್ಮ ಕೈಮೀರಿದ್ದಿರಬಹುದು. ಎರಡನೆಯದು ಸಂಪೂರ್ಣವಾಗಿ ನಮ್ಮದು.