ಹೆಚ್ಚು ಕೂಗಿದವನಿಗೇ ಜಾಗವಾದರೆ ಸಣ್ಣ ಅಂಗಡಿಯವನು ಎಲ್ಲಿಗೆ ಹೋಗಬೇಕು?

ಪೆನ್ನಾಗರಂ: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ತನ್ನ ಹಳೆಯ ವಾಣಿಜ್ಯ ಸಂಕೀರ್ಣಗಳನ್ನು ಕೆಡವಿ, ಖಾಸಗಿ ಕಂಪನಿಗಳ ಕೈಯಲ್ಲಿ ಹೊಸದಾಗಿ ಕಟ್ಟಿಸಲು ಹೊರಟ ಸಂಗತಿ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಇಂದಿರಾನಗರ, ಕೋರಮಂಗಲ, ಆರ್.ಟಿ. ನಗರ, ಸದಾಶಿವನಗರ ಮುಂತಾದ ಕಡೆಯ ಸಂಕೀರ್ಣಗಳು ಈ ಪಟ್ಟಿಯಲ್ಲಿವೆ. ಮರಗಳು ಹೋಗುತ್ತವೆ, ವಾಹನಗಳ ನೂಕುನುಗ್ಗಲು ಹೆಚ್ಚುತ್ತದೆ ಎಂದು ಇಂದಿರಾನಗರದ ನಿವಾಸಿಗಳು ವಿರೋಧಿಸಿದ್ದಾರೆ.

‘ಗಡಿಯ ಈಚೆ ಕೂತವನಿಗೆ ಬೆಂಗಳೂರಿನ ಉಸಾಬರಿ ಯಾಕಪ್ಪಾ?’ ಅಂತ ಕೇಳೋರು ಇದ್ದಾರೆ. ನಮ್ಮ ಹುಣಸೆ, ಮಾವು, ಟೊಮೇಟೊ, ಹೂವು ಹೊಸೂರು ದಾಟಿ ಹೋಗುವುದು ಆ ಊರಿಗೇ. ಮಂಡಿಯಲ್ಲಿ ಇಳಿದ ಮಾಲು ಕೊನೆಗೆ ಬಿಕರಿಯಾಗುವುದು ಸಣ್ಣ ಅಂಗಡಿಗಳಲ್ಲಿ. ಅಲ್ಲಿ ಬಾಡಿಗೆ ಏರಿದರೆ ಇಲ್ಲಿ ನಮ್ಮ ಚೀಲದ ದರ ಇಳಿಯುತ್ತದೆ. ಹಾಗಾಗಿ ಇದು ನಮ್ಮ ವಿಷಯವೂ ಹೌದು.

ಸರ್ಕಾರಿ ಸಂಸ್ಥೆ ಕಟ್ಟುವವನನ್ನು ಆರಿಸುವ ರೀತಿ ಸಾಮಾನ್ಯವಾಗಿ ಹೀಗೆ. ಮೊದಲು ಟೆಂಡರ್ ಪ್ರಕಟಣೆ. ಬಂದವರು ಎರಡು ಲಕೋಟೆ ಕೊಡುತ್ತಾರೆ. ಒಂದರಲ್ಲಿ ಅನುಭವ, ಹಣಬಲದ ವಿವರ. ಇನ್ನೊಂದರಲ್ಲಿ ಸಂಸ್ಥೆಗೆ ಎಷ್ಟು ಕೊಡುತ್ತೇನೆ ಎನ್ನುವ ಲೆಕ್ಕ. ಮೊದಲನೆಯದರಲ್ಲಿ ಪಾಸಾದವರ ಎರಡನೆಯ ಲಕೋಟೆ ಮಾತ್ರ ಒಡೆಯುತ್ತಾರೆ. ಹೆಚ್ಚು ಕೊಡುವವನಿಗೆ ಜಾಗ, ದಶಕಗಳ ಗುತ್ತಿಗೆ. ಟೆಂಡರು ಪಾರದರ್ಶಕವಾಗಿರಲಿ ಎಂದು ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಕಾಯ್ದೆ ಮಾಡಿದವು. ಒಳ್ಳೆಯದೇ. ಆದರೆ ಲಕೋಟೆ ಎಷ್ಟೇ ಬಿಗಿಯಾಗಿ ಅಂಟಿಸಿದ್ದರೂ, ಹೆಚ್ಚು ಕೊಡುತ್ತೇನೆ ಅಂದವನು ಆ ದುಡ್ಡನ್ನು ಎಲ್ಲಿಂದ ತರುತ್ತಾನೆ ಎಂಬುದನ್ನು ಅದು ಹೇಳುವುದಿಲ್ಲ.

ಇದು ಅರ್ಥವಾಗಬೇಕಾದರೆ ಸಂತೆಯ ಸುಂಕದ ಹರಾಜು ನೋಡಿದರೆ ಸಾಕು. ನಮ್ಮ ಕಡೆ ಇದಕ್ಕೆ ಏಲಂ ಅಂತಾರೆ. ಹೆಚ್ಚು ಕೂಗಿದವನಿಗೆ ವಸೂಲಿ ಹಕ್ಕು. ಕೂಗಿದ ದುಡ್ಡನ್ನು ಅವನು ತನ್ನ ಜೇಬಿನಿಂದ ಕೊಡ್ತಾನಾ? ಇಲ್ಲ. ಬುಟ್ಟಿಗಿಷ್ಟು, ಚೀಲಕ್ಕಿಷ್ಟು, ಕುರಿಗಿಷ್ಟು ಅಂತ ನಮ್ಮಿಂದಲೇ ತೆಗೀತಾನೆ. ರಶೀದಿಯಲ್ಲಿ ಒಂದು ಮೊತ್ತ, ಕೈಗೆ ಕೊಡೋದು ಇನ್ನೊಂದು. ಹರಾಜಿನ ದಿನ ಆಡಳಿತಕ್ಕೆ ಬಂದ ಲಾಭ ವರ್ಷವಿಡೀ ಬುಟ್ಟಿ ಹೊತ್ತವಳ ತಲೆಯ ಮೇಲಿರುತ್ತದೆ. ಮಾಲ್ ಕಟ್ಟುವ ಕಂಪನಿಯ ಲೆಕ್ಕವೂ ಇದೇ, ಸೊನ್ನೆಗಳು ಮಾತ್ರ ಜಾಸ್ತಿ. ಸಂಸ್ಥೆಗೆ ಕೊಟ್ಟದ್ದನ್ನು ಅದು ಅಂಗಡಿ ಬಾಡಿಗೆಯಲ್ಲಿ ವಸೂಲಿ ಮಾಡಲೇಬೇಕು. ಆ ಬಾಡಿಗೆ ತಡೆದುಕೊಳ್ಳುವುದು ದೊಡ್ಡ ಬ್ರ್ಯಾಂಡಿನ ಬಟ್ಟೆ ಅಂಗಡಿ; ಕೊತ್ತಂಬರಿ ಕಟ್ಟು ಮಾರುವವನಲ್ಲ, ಬೀಗ ರಿಪೇರಿಯವನಲ್ಲ.

ಬೆಂಗಳೂರಿಗೆ ಇದು ಹೊಸದೇನೂ ಅಲ್ಲ. ಮಗ್ರಾತ್ ರಸ್ತೆಯಲ್ಲಿ ಮಹಾನಗರಪಾಲಿಕೆಯ ಜಾಗದಲ್ಲಿ ಖಾಸಗಿಯವರೊಂದಿಗೆ ಒಪ್ಪಂದವಾಗಿ ಎದ್ದ ಗರುಡಾ ಮಾಲ್ 2005ರಲ್ಲಿ ತೆರೆಯಿತು. ಅಲ್ಲಿ ಜನ ಸೇರುತ್ತಾರೆ, ವ್ಯಾಪಾರವಾಗುತ್ತದೆ, ಸುಳ್ಳಲ್ಲ. ಆದರೆ ರೈತನ ಬುಟ್ಟಿಗೆ ಅಲ್ಲಿ ಜಾಗವಿಲ್ಲ.

ಹಾಗಂತ ಸರ್ಕಾರವೇ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎನ್ನಲೂ ಆಗದು. ಕೆ.ಆರ್. ಮಾರುಕಟ್ಟೆಯಲ್ಲಿ 1990ರ ದಶಕದಲ್ಲಿ ಹಳೆಯ ಕಟ್ಟಡದ ಹಿಂದೆ ಬಹುಮಹಡಿ ಕಟ್ಟಡ ಬಂತು. ಆದರೂ ಹೂವು, ಸೊಪ್ಪಿನ ವ್ಯಾಪಾರ ನೆಲದಲ್ಲೇ, ರಸ್ತೆ ಬದಿಯಲ್ಲೇ ನಡೆಯುತ್ತದೆ. ಸೊಪ್ಪು ಕೊಳ್ಳೋದಕ್ಕೆ ಯಾರೂ ಮೆಟ್ಟಿಲು ಹತ್ತೋದಿಲ್ಲ. ವ್ಯಾಪಾರ ಮಾಡುವವರನ್ನು ಕೇಳದೆ ನಕ್ಷೆ ಬರೆದರೆ, ಬರೆದವರು ಯಾರಾದರೂ ಫಲ ಒಂದೇ.

ಬೇರೆ ದಾರಿ ಇಲ್ಲವೇ? ಇದೆ, ನೆರೆಹೊರೆಯಲ್ಲೇ ಇದೆ. 1999ರಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ರೈತು ಬಜಾರ್ ತೆರೆಯಿತು. ಅದೇ ವರ್ಷ ನವೆಂಬರಿನಲ್ಲಿ ಕರುಣಾನಿಧಿ ಸರ್ಕಾರ ಮಧುರೈನಲ್ಲಿ ಉಳವರ್ ಸಂದೈ ಶುರುಮಾಡಿತು. ಧರ್ಮಪುರಿಗೂ ಅದು ಬಂತು. ಪಟ್ಟಣದೊಳಗೆ ಸರ್ಕಾರಿ ಜಾಗ, ಮೇಲೊಂದು ಚಾವಣಿ, ತಕ್ಕಡಿ, ಬೆಲೆ ಬರೆದ ಹಲಗೆ, ರೈತನಿಗೆ ಗುರುತಿನ ಚೀಟಿ. ಮಧ್ಯವರ್ತಿ ಇಲ್ಲ. 2001ರಲ್ಲಿ ಸರ್ಕಾರ ಬದಲಾದಾಗ ಇವು ಸೊರಗಿದವು, 2006ರ ನಂತರ ಮತ್ತೆ ಚಿಗುರಿದವು. ಕೊರತೆಗಳು ಇವೆ, ಆದರೆ ಜಾಗ ಸಾರ್ವಜನಿಕರ ಕೈಬಿಟ್ಟು ಹೋಗಲಿಲ್ಲ. ಕರ್ನಾಟಕದ ಹಾಪ್‌ಕಾಮ್ಸ್ ಮಳಿಗೆಗಳ ಹಿಂದೆಯೂ ಇಂಥದೇ ಆಲೋಚನೆಯಿದೆ.

ಹಳೆ ಕಟ್ಟಡ ಹಾಗೇ ಬೀಳಲಿ ಎಂದು ನಾನು ಹೇಳುತ್ತಿಲ್ಲ. ಸೋರುವ ಮಾಡು, ಗಬ್ಬು ನಾರುವ ಶೌಚಾಲಯ ಯಾರಿಗೂ ಬೇಡ. ಖಾಸಗಿಯವರು ಕಟ್ಟಲಿ, ಬೇಡ ಅನ್ನೋಲ್ಲ. ಆದರೆ ಲಕೋಟೆ ಒಡೆಯುವ ಮೊದಲೇ ಮೂರು ಮಾತು ಕರಾರಿನಲ್ಲಿ ಬರಬೇಕು. ಒಂದು, ಈಗಿರುವ ಅಂಗಡಿಯವರಿಗೆ ಹೊಸ ಕಟ್ಟಡದಲ್ಲಿ, ಅದೂ ನೆಲ ಅಂತಸ್ತಿನಲ್ಲಿ ಜಾಗ, ಕಟ್ಟುವವರೆಗೆ ತಾತ್ಕಾಲಿಕ ಮಳಿಗೆ. ಎರಡು, ಸಣ್ಣ ಅಂಗಡಿಗಳ ಬಾಡಿಗೆಗೆ ಮಿತಿ, ರೈತರ ನೇರ ಮಾರಾಟಕ್ಕೆ ಒಂದಿಷ್ಟು ಕಟ್ಟೆ. ಮೂರು, ಗುತ್ತಿಗೆ ಮುಗಿದ ದಿನ ಕಟ್ಟಡ ಯಾವ ಸ್ಥಿತಿಯಲ್ಲಿ ವಾಪಸಾಗಬೇಕು ಎಂಬ ಷರತ್ತು. ಇದಕ್ಕೆಲ್ಲ ಒಪ್ಪಿದ ಮೇಲೆ ಯಾರು ಹೆಚ್ಚು ಕೊಡ್ತಾರೋ ನೋಡಲಿ. ಒಬ್ಬನೇ ಬಂದರೆ ಮತ್ತೆ ಕರೆಯಲಿ. ಒಬ್ಬನೇ ಕೂಗುವ ಹರಾಜು ಹರಾಜಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕನ್ನಡ, ತೆಲುಗು ಎರಡರಲ್ಲೂ ಇದೆ. ಸ್ವಂತ ಮನೆಗೇ ಅಷ್ಟು ಎಚ್ಚರ ಬೇಕಾದರೆ ಊರಿನ ಜಾಗಕ್ಕೆ ಎಷ್ಟು ಬೇಕು! ಹೊಸೂರು, ಧರ್ಮಪುರಿ, ಆನೇಕಲ್, ಕೋಲಾರ ಎಲ್ಲ ಕಡೆಯೂ ಬಸ್ ನಿಲ್ದಾಣ, ಸಂತೆಮಾಳಗಳ ಬೆಲೆ ಏರುತ್ತಿದೆ. ಬೆಂಗಳೂರಿನ ಪದ್ಧತಿ ನಾಳೆ ಇಲ್ಲಿಗೂ ಬರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ನಿಮ್ಮೂರ ಸಂತೆಜಾಗಕ್ಕೆ ಟೆಂಡರ್ ಕರೆದರೆ, ವರ್ತಕರ ಸಂಘದವರೂ ರೈತರೂ ಸೇರಿ ಕರಾರಿನ ನಕಲು ಕೇಳಿ. ಸಹಿಗೆ ಮುಂಚೆ ಕೇಳಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.